ಹೊಸ ಫೋನಿನ ಮೊದಲ ಅರ್ಧ ಗಂಟೆ

ಸಂಪಾದಕರಿಗೆ ನಮಸ್ಕಾರ.

ಹಬ್ಬದ ಆಫರ್ ಬಂತೆಂದರೆ ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಸ್ಟೇಷನ್ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಈ ಸಲ ನಾನೂ ಆ ಗುಂಪಿನಲ್ಲಿದ್ದೆ. ಹಳೇ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತಿತ್ತು, ಬ್ಯಾಂಕಿನ ಆ್ಯಪ್ ಅಂತೂ ತೆರೆಯುವುದನ್ನೇ ಬಿಟ್ಟಿತ್ತು. ಹೊಸ ಫೋನ್ ಚೆನ್ನಾಗಿಯೇ ಇದೆ. ನನ್ನ ತಕರಾರೆಲ್ಲ ಅದನ್ನು ಕೊಂಡ ಮೇಲೆ ಅಂಗಡಿಯಲ್ಲೇ ಕಳೆಯುವ ಮೊದಲ ಅರ್ಧ ಗಂಟೆಯ ಬಗ್ಗೆ.

ಕೌಂಟರಿನ ಹುಡುಗ ಸೀಲ್ ಹರಿದು, ಸಿಮ್ ಹಾಕಿ, ನಮ್ಮನ್ನು ಒಂದು ಮಾತೂ ಕೇಳದೆ ನೆಕ್ಸ್ಟ್, ನೆಕ್ಸ್ಟ್, ಅಲೋ, ಅಗ್ರೀ ಅಂತ ಒತ್ತುತ್ತಾ ಹೋಗುತ್ತಾನೆ. ಹೆಬ್ಬೆರಳು ಓಡುವ ವೇಗಕ್ಕೆ ಪರದೆ ಮೇಲೆ ಏನು ಬಂತು, ಏನು ಹೋಯಿತು ಅಂತ ನಮಗೆ ಕಾಣುವುದೂ ಇಲ್ಲ. ಪಾಪ, ಅವನ ಮುಂದೆ ಇನ್ನೂ ಎಷ್ಟೋ ಜನ ಕಾಯುತ್ತಿರುತ್ತಾರೆ. ಆದರೆ ಅದರ ಫಲ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಟೈಮ್ ನೋಡೋಣ ಅಂತ ಫೋನ್ ಎತ್ತಿದರೆ ಯಾವುದೋ ನಟಿಯ ಮದುವೆ ಸುದ್ದಿ, ಇನ್ನೊಮ್ಮೆ ಎತ್ತಿದರೆ ಸಾಲ ಬೇಕೇ ಅನ್ನುವ ಜಾಹೀರಾತು. ನಮ್ಮ ಮನೆ ಬಾಗಿಲಿಗೆ ಯಾರೋ ಬಂದು ಪೋಸ್ಟರ್ ಅಂಟಿಸಿ ಹೋದ ಹಾಗೆ! ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ಹುಡುಕಿ ಅದನ್ನು ಬಂದ್ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಭಾಷೆಯ ವಿಷಯದಲ್ಲಿ ನನಗೆ ಜಾಸ್ತಿ ಬೇಜಾರಾಯಿತು. ಫೋನ್ ಆನ್ ಆದ ಕೂಡಲೇ ಅದು ಕೇಳುವುದೇ ನಿಮಗೆ ಯಾವ ಭಾಷೆ ಬೇಕು ಅಂತ. ಆ ಪಟ್ಟಿಯಲ್ಲಿ ಕನ್ನಡ ಇದೆ. ಹುಡುಗ ಇಂಗ್ಲಿಷ್ ಒತ್ತಿ ಮುಂದೆ ಹೋದ, ಕೀಬೋರ್ಡಿಗೆ ಹಿಂದಿ, ಮರಾಠಿ ತಾನೇ ಸೇರಿಸಿದ. ಕನ್ನಡ ಹಾಕಪ್ಪಾ ಅಂದರೆ, ‘ಅಂಕಲ್, ಅದೆಲ್ಲ ಇದರಲ್ಲಿ ಬರಲ್ಲ’ ಅಂತ ಹಿಂದಿಯಲ್ಲಿ ಹೇಳಿಬಿಟ್ಟ. ಬರದೆ ಏನು? ದೇಶದಲ್ಲಿ ಮಾರುವ ಫೋನುಗಳಲ್ಲಿ ಸಂವಿಧಾನದ 22 ಭಾಷೆಗಳನ್ನೂ ಓದಲು ಆಗಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಆದೇಶ ಮಾಡಿದೆ. ಕಂಪ್ಯೂಟರಿನಲ್ಲಿ ಕನ್ನಡ ಒತ್ತುವುದನ್ನು ಸುಲಭ ಮಾಡಿಕೊಟ್ಟ ಕೆ.ಪಿ. ರಾವ್ ಅವರು ಇದೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಈ ಊರಲ್ಲೇ ನಿಂತು ಕನ್ನಡ ಬರಲ್ಲ ಅನ್ನಿಸಿಕೊಳ್ಳಬೇಕೇ?

ಮನೆಯಲ್ಲಿ ನಾನೇ ಕೂತು ಕನ್ನಡ ಹಾಕಿದೆ. ಅಕ್ಷರ ದೊಡ್ಡದು ಮಾಡಿದೆ. ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿದರೆ ಕನ್ನಡದಲ್ಲೇ ಬರೆದುಕೊಡುತ್ತದೆ, ಈ ಸೌಲಭ್ಯ 2017ರಿಂದ ಇದೆ. ಒತ್ತಕ್ಷರ ಹುಡುಕಿ ಸುಸ್ತಾಗುತ್ತಿದ್ದ ನನ್ನ ಹೆಂಡತಿ ಈಗ ಊರಿನ ತಂಗಿಗೆ ಬಾಯಲ್ಲೇ ಮೆಸೇಜ್ ಬರೆಸುತ್ತಾಳೆ. ಕುಂದಾಪ್ರ ಕನ್ನಡಕ್ಕೆ ಮಾತ್ರ ಅದು ತಬ್ಬಿಬ್ಬಾಗುತ್ತದೆ, ಅವಳು ‘ಹೊಯ್ಕ್ ಮಾರಾಯ್ತಿ’ ಅಂದರೆ ಏನೇನೋ ಬರುತ್ತದೆ. ಅದನ್ನು ಓದಿ ಅಕ್ಕ ತಂಗಿ ಇಬ್ಬರೂ ನಗುತ್ತಾರೆ, ಇರಲಿ ಬಿಡಿ.

ಹಣದ ವಿಷಯ ಗೊತ್ತಿರಲಿ. ಯುಪಿಐ ಶುರುವಾಗಲು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹೊಸ ಫೋನಿನಲ್ಲೇ ಇರಬೇಕು, ಅದರಿಂದ ಎಸ್ಸೆಮ್ಮೆಸ್ ಹೋಗಬೇಕು. ಫೋನ್ ಬದಲಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿ ದಾಟಿ ಕಳಿಸಲು ಆಗುವುದಿಲ್ಲ. ಬಾಡಿಗೆ ಕೊಡುವ ದಿನ ಫೋನ್ ಬದಲಾಯಿಸಬೇಡಿ. ವಾಟ್ಸ್‌ಆ್ಯಪ್ ಹಳೇದರಿಂದ ಹೊಸದಕ್ಕೆ ಕ್ಯೂಆರ್ ತೋರಿಸಿದರೆ ಸೀದಾ ಬರುತ್ತದೆ, ಆದ್ದರಿಂದ ಎಕ್ಸ್‌ಚೇಂಜ್ ಆಸೆಗೆ ಹಳೇ ಫೋನನ್ನು ಅಂಗಡಿಯಲ್ಲೇ ಬಿಟ್ಟು ಬರುವ ಮುಂಚೆ ಸ್ವಲ್ಪ ಯೋಚಿಸಿ.

ಇನ್ನು ಈ ದೊಡ್ಡ ದೊಡ್ಡ ಪರದೆ. ಅಂಗಿ ಜೇಬಿನಿಂದ ಅರ್ಧ ಹೊರಗೇ ಇರುತ್ತದೆ. ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರ ಕೈಗೆ ಹಳಿ ಪಕ್ಕದಿಂದ ಹೊಡೆದು ಫೋನ್ ಬೀಳಿಸುವ ಫಟ್ಕಾ ಗ್ಯಾಂಗಿನ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? *#06# ಒತ್ತಿದರೆ ಬರುವ ಐಎಂಇಐ ನಂಬರನ್ನು, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನು, ಮೊದಲ ದಿನವೇ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಲು ಅದೇ ಬೇಕು.

ನಮ್ಮ ಕನ್ನಡ ಸಂಘಗಳಿಗೆ ಒಂದು ಮಾತು. ಭಜನೆ, ಯಕ್ಷಗಾನ ಎಲ್ಲ ನಡೆಯಲಿ, ಜೊತೆಗೆ ಒಂದು ಭಾನುವಾರ ಹುಡುಗರು ಹಿರಿಯರ ಪಕ್ಕ ಕೂತು ಫೋನಿಗೆ ಕನ್ನಡ ಹಾಕಿಕೊಡಲಿ. ಡೊಂಬಿವಲಿಯಲ್ಲಿ ಮಾಡುವುದಾದರೆ ಚಹಾ, ವಡಾಪಾವ್ ಖರ್ಚು ನನ್ನದು.

– ಒಬ್ಬ ಓದುಗ, ಡೊಂಬಿವಲಿ ಪೂರ್ವ