ಕಾರು ಬುಕ್ ಮಾಡುವ ಮುಂಚೆ ದೊಡ್ಡಮ್ಮನ ಕಾಗದ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಪುಟ್ಟಾ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಕಾರಿನ ಫೋಟೋ ನೋಡಿದೆ. ಕೆಂಪು ಬಣ್ಣ, ಮೇಲೆ ಸನ್‌ರೂಫು, ಒಳಗೆ ಟಿವಿಯಷ್ಟು ದೊಡ್ಡ ಸ್ಕ್ರೀನು. ಚೆನ್ನಾಗಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅದರ ಹಿಂದೆಯೇ ನಿಮ್ಮಮ್ಮ ಫೋನ್ ಮಾಡಿ, "ಅಕ್ಕಾ, ಮುಂದಿನ ಶನಿವಾರ ಅಡ್ವಾನ್ಸ್ ಕೊಡ್ತಾನಂತೆ, ನೀನೇ ಏನಾದ್ರೂ ಹೇಳು" ಅಂದಳು. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅನ್ನುತ್ತಾ ಲ್ಯಾಪ್‌ಟಾಪ್ ಕುಟ್ಟುತ್ತಿರುತ್ತೀಯ. ಅದಕ್ಕೇ ಕಾಗದ.

ಬ್ಯಾಂಕಿನಲ್ಲಿದ್ದಾಗ ಬೆಂಗಳೂರಿನಲ್ಲಿ 22 ವರ್ಷ ಕಾರು ಓಡಿಸಿದವಳು ನಾನು. 1997ರಲ್ಲಿ ಮಾರುತಿ 800, ಆಮೇಲೆ ಇನ್ನೆರಡು. ಇಂಜಿನ್ ಬಿಚ್ಚಿ ಜೋಡಿಸೋಕೆ ಬರಲ್ಲ. ಆದರೆ ದುಡ್ಡು ಕಳೆದುಕೊಂಡು ಕಲಿತದ್ದು ಸಾಕಷ್ಟಿದೆ. ಅದನ್ನಷ್ಟೇ ಹೇಳುತ್ತೇನೆ.

ಕಾರು ನೋಡುವ ಮುಂಚೆ ನಿನ್ನ ದಾರಿ ನೋಡು. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರು. ಹೆಚ್ಚುಕಮ್ಮಿ 15 ಕಿಲೋಮೀಟರ್. ಬೆಳಿಗ್ಗೆ ಒಂದೂಕಾಲು ಗಂಟೆ ಆಗುತ್ತೆ ಅಂತ ನೀನೇ ಗೊಣಗುತ್ತಿದ್ದೆ. ಅಂದರೆ ಗಂಟೆಗೆ 12 ಕಿಲೋಮೀಟರ್. ಸೈಕಲ್ಲಿನ ಸ್ಪೀಡು. ವರ್ಷಕ್ಕೆ 220 ದಿನ ಆಫೀಸು ಅಂತ ಇಟ್ಟುಕೋ. ಹೋಗಿ ಬರೋದು ಸೇರಿ 6,600 ಕಿಲೋಮೀಟರ್. "ಇಷ್ಟೇನಾ" ಅನ್ನಿಸುತ್ತೆ ಅಲ್ವಾ? ಆದರೆ ಅಷ್ಟಕ್ಕೆ ಇಂಜಿನ್ 550 ಗಂಟೆ ಉರಿದಿರುತ್ತೆ. ಇಷ್ಟೇ ಗಂಟೆ ಹೈವೇಯಲ್ಲಿ 70ರಲ್ಲಿ ಓಡಿದ್ದರೆ 38,500 ಕಿಲೋಮೀಟರ್ ಆಗುತ್ತಿತ್ತು. ಮೀಟರು ಕಿಲೋಮೀಟರ್ ಎಣಿಸುತ್ತೆ, ಇಂಜಿನ್ ಆಯಿಲ್ ಗಂಟೆ ಎಣಿಸುತ್ತೆ. ಕಾರಿನ ಜೊತೆ ಕೊಡುವ ಪುಸ್ತಕ ತೆಗೆದು ನೋಡು. ನಿಂತು ನಿಂತು ಓಡುವ ಕಾರಿಗೆ ಆಯಿಲ್ ಬೇಗ ಬದಲಿಸಬೇಕು ಅಂತ ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಯಾರೂ ಓದಲ್ಲ.

ಈ ಲೆಕ್ಕ ಮಾಡಿದರೆ ಅರ್ಧ ಪಟ್ಟಿ ತಾನಾಗಿಯೇ ಕರಗುತ್ತೆ. ಡೀಸೆಲ್ ಬೇಡ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಕಾರು ಆಗಾಗ ಉದ್ದಕ್ಕೆ, ಒಂದೇ ಸಮ ಓಡಿದರೆ ಆ ಮಸಿ ಸುಟ್ಟು ಹೋಗುತ್ತೆ. ಸಿಲ್ಕ್ ಬೋರ್ಡಿನಲ್ಲಿ ಅದು ಎಲ್ಲಿ ಸುಡಬೇಕು? ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ, ನೀನು ಭಾನುವಾರ ನೈಸ್ ರೋಡಿಗೆ ಸುಮ್ನೆ ಗಾಳಿ ಕುಡಿಸೋಕೆ ಕಾರು ಒಯ್ಯಬೇಕಾಗುತ್ತೆ.

ಇನ್ನು ಗೇರಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ಯಾಕೆಂದರೆ ನಾನು ಬಿದ್ದದ್ದು ಇಲ್ಲೇ.

ನೀನು ಆಟೋಮ್ಯಾಟಿಕ್ ತಗೋಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೂಕಾಲು ಗಂಟೆ ಕ್ಲಚ್ ಒತ್ತಿ ಒತ್ತಿ ನನ್ನ ಎಡಮಂಡಿ ಏನಾಗಿದೆ ಅಂತ ನಿನಗೇ ಗೊತ್ತು. ಆದರೆ ಶೋರೂಮಿನಲ್ಲಿ ಎಲ್ಲವನ್ನೂ "ಆಟೋಮ್ಯಾಟಿಕ್ ಸಾರ್" ಅಂದುಬಿಡುತ್ತಾರೆ. ಒಳಗೆ ನಾಲ್ಕು ಜಾತಿ ಇದೆ. ಕಡಿಮೆ ರೇಟಿಗೆ ಸಿಗುವುದು ಎಎಂಟಿ. ನಮ್ಮಲ್ಲಿ ಅದು ಶುರುವಾದದ್ದು 2014ರ ಮಾರುತಿ ಸೆಲೆರಿಯೋದಿಂದ. ಅದು ನಿಜವಾಗಿ ಮ್ಯಾನುವಲ್ ಗೇರೇ. ಕ್ಲಚ್ ಒತ್ತೋದು, ಗೇರ್ ಹಾಕೋದು ನಿನ್ನ ಬದಲು ಒಂದು ಯಂತ್ರ ಮಾಡುತ್ತೆ, ಅಷ್ಟೇ. ಕ್ಲಚ್ ಪ್ಲೇಟು ಮಾಮೂಲಿನದ್ದೇ.

ನಾನು 2016ರಲ್ಲಿ ತಗೊಂಡದ್ದು ಅಂಥದ್ದೇ. ಬ್ಯಾಂಕಿನ ಬೇಸ್‌ಮೆಂಟಿನಿಂದ ಮೇಲೆ ಬರುವ ಏರಿನಲ್ಲಿ ದಿನಾ ಸಂಜೆ ಸಾಲು. ನಾನು ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕಾರನ್ನು ಹಿಂದೆ ಜಾರದ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಆಟೋಮ್ಯಾಟಿಕ್ ಅಲ್ವಾ, ಅದೇ ನೋಡಿಕೊಳ್ಳುತ್ತೆ ಅಂತ. ಒಂದು ದಿನ ಸೀದ ವಾಸನೆ. ಹಿಂದಿನ ಕಾರಿನದ್ದು ಅಂದುಕೊಂಡೆ. ಮೂರನೇ ವಾರ ಏರು ಹತ್ತಲೇ ಇಲ್ಲ, ಇಂಜಿನ್ ಮಾತ್ರ ಅರಚುತ್ತಿತ್ತು. ಆಗ ಓಡಿದ್ದು 38,000 ಕಿಲೋಮೀಟರ್. ಮೆಕ್ಯಾನಿಕ್ ಪ್ಲೇಟ್ ಬಿಚ್ಚಿ ಕೈಗೆ ಕೊಟ್ಟ. ಒಂದು ಕಡೆ ನೀಲಿ ಬಣ್ಣ ತಿರುಗಿತ್ತು, ಅಂಚು ಹೆಂಚಿಗೆ ಹಿಡಿದ ರೊಟ್ಟಿ ಹಾಗೆ ಪುಡಿಪುಡಿ. "ಮೇಡಂ, ಇದು ಕಾರಿನ ತಪ್ಪಲ್ಲ, ಕಾಲಿನ ತಪ್ಪು" ಅಂದ. ದುಡ್ಡಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು.

ಟಾರ್ಕ್ ಕನ್ವರ್ಟರ್ ಅನ್ನೋದು ಬೇರೆ. ಅಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಆಯಿಲ್ ಕೆಲಸ ಮಾಡುತ್ತೆ. ಸೀದುಹೋಗೋಕೆ ಮಾಮೂಲಿ ಕ್ಲಚ್ ಪ್ಲೇಟೇ ಇಲ್ಲ. ಹಳೇ ಕಾಲದ್ದು, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಆದರೆ ತೆವಳುವ ಟ್ರಾಫಿಕ್ಕಿಗೆ ಗಟ್ಟಿ. ಸಿವಿಟಿಯೂ ನಿನ್ನ ದಾರಿಗೆ ಆಗುತ್ತೆ. ಅದರಲ್ಲಿ ಗೇರಿನ ಹಲ್ಲುಗಳ ಬದಲು ಬೆಲ್ಟು, ಪುಲ್ಲಿ ಇರುತ್ತೆ, ಬೆಣ್ಣೆಯ ಹಾಗೆ ಹೋಗುತ್ತೆ, ಗೇರ್ ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಬೇಕು. ನಾಲ್ಕನೆಯದು ಎರಡು ಕ್ಲಚ್ಚಿನ ಡಿಸಿಟಿ. ಓಡಿಸೋಕೆ ಮಜಾ ಅಂತ ನಿನ್ನ ವಯಸ್ಸಿನವರು ಅದನ್ನೇ ಕೇಳುತ್ತಾರೆ. ಅದರಲ್ಲಿ ಡ್ರೈ ಕ್ಲಚ್ಚಿನದು, ಅಂದರೆ ಕ್ಲಚ್ಚು ಆಯಿಲ್ಲಿನಲ್ಲಿ ಮುಳುಗಿರದೇ ಇರುವಂಥದ್ದು, ನಿಂತು ತೆವಳುವಾಗ ಬಿಸಿಯಾಗುತ್ತೆ. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ನಾನಂತೂ ಅದನ್ನು ಹೇಳಲ್ಲ. ನೀನು ಫೋಟೋ ಕಳಿಸಿದ ಕಾರಿನಲ್ಲಿ ಯಾವುದಿದೆ ಅಂತ ಕೇಳಿದೆಯಾ? ಸನ್‌ರೂಫ್ ಕೇಳಿದ್ದೀಯ.

ಕರೆಂಟ್ ಕಾರಿನ ಬಗ್ಗೆ ನಿಮ್ಮಪ್ಪ ಕೇಳುತ್ತಿದ್ದರಂತೆ. ನಿಜ ಹೇಳಬೇಕೆಂದರೆ ನಿನ್ನ ದಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಕ್ಲಚ್ಚಿಲ್ಲ, ಇಂಜಿನ್ ಆಯಿಲ್ಲಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಉರಿಯೋದೂ ಇಲ್ಲ. ಬಹಳಷ್ಟು ಕಂಪನಿಗಳು ಬ್ಯಾಟರಿಗೆ 8 ವರ್ಷ ಇಲ್ಲವೇ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಆದರೆ ನೀನಿರೋದು ಬಾಡಿಗೆ ಮನೆ, ಕಾರು ನಿಲ್ಲೋದು ಗೇಟಿನಾಚೆ ಹೊಂಗೆಮರದ ಕೆಳಗೆ. ಮೂರನೇ ಮಹಡಿಯಿಂದ ಫುಟ್‌ಪಾತಿಗೆ ವೈರ್ ಇಳಿಬಿಡೋಕೆ ಆಗುತ್ತಾ? ಸ್ವಂತ ಪಾರ್ಕಿಂಗ್, ಅಲ್ಲಿ ಒಂದು 15 ಆ್ಯಂಪಿನ ಸಾಕೆಟ್ ಸಿಗುವ ದಿನ ಬರಲಿ, ಆಗ ಯೋಚಿಸು. ಪೆಟ್ರೋಲ್ ಇಂಜಿನ್ ಜೊತೆ ಓಡುತ್ತಲೇ ಚಾರ್ಜ್ ಆಗುವ ಬ್ಯಾಟರಿ ಇರುವ ಹೈಬ್ರಿಡ್ ಆದರೆ ಈ ತಾಪತ್ರಯ ಇಲ್ಲ. ಲೆಕ್ಕ ಹಾಕಿ ನೋಡು: ಊರು-ಕೇರಿ ಸೇರಿ ವರ್ಷಕ್ಕೆ 10,000 ಕಿಲೋಮೀಟರ್, ಲೀಟರ್ ನೂರು ರೂಪಾಯಿ ಅಂತಿಟ್ಟುಕೋ. ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಿಗೆ 83,000, 20 ಕೊಡುವುದಕ್ಕೆ 50,000. ವರ್ಷಕ್ಕೆ ಉಳಿಯೋದು 33,000. ಹೈಬ್ರಿಡ್‌ಗೆ 2 ಲಕ್ಷ ಜಾಸ್ತಿ ಕೊಟ್ಟರೆ ಅದು ವಾಪಸ್ ಬರೋಕೆ ಆರು ವರ್ಷ. ನೀನು ಹತ್ತು ವರ್ಷ ಇಟ್ಟುಕೊಳ್ಳುವುದು ಖಂಡಿತ ಆದರೆ ತಗೋ, ಐದಕ್ಕೇ ಮಾರುವವನಾದರೆ ಬೇಡ.

ಯಾವ ಕಾರು ಬಾಳಿಕೆ ಬರುತ್ತೆ ಅಂತ ಯಾರನ್ನು ಕೇಳೋದು? ನನಗೆ ಒಂದು ಚಟ ಇದೆ. ಟ್ಯಾಕ್ಸಿ ಹತ್ತಿದಾಗಲೆಲ್ಲ ಮೀಟರ್ ಇಣುಕಿ ನೋಡಿ, ಡ್ರೈವರ್ ಜೊತೆ ಮಾತಿಗಿಳಿಯೋದು. ಹೋದ ಸಲ ಏರ್‌ಪೋರ್ಟಿಗೆ ಹೋದ ಟೊಯೋಟಾ ಎಟಿಯೋಸ್ 4 ಲಕ್ಷ ಕಿಲೋಮೀಟರ್ ದಾಟಿತ್ತು. ನಮ್ಮ ಬಿಡದಿಯಲ್ಲಿ ಆದ ಕಾರು. ಮಾರಾಟ ನಿಂತದ್ದು 2020ರಲ್ಲಿ, ಆದರೂ ಇನ್ನೂ ಓಡುತ್ತಿದೆ. "ಏನೇನು ಮಾಡಿಸಿದ್ರಿ?" ಅಂದರೆ ಆತ ಕಂತಿನ ಲೆಕ್ಕ ಹೇಳುವ ಹಾಗೆ ಎಲ್ಲ ಹೇಳಿದ. ಎರಡು ಸಲ ಕ್ಲಚ್, ಸಸ್ಪೆನ್ಷನ್, ಎಸಿ ಕಂಪ್ರೆಸರ್. ಇಂಜಿನ್ ಮುಟ್ಟಿಲ್ಲ. ಹೊಟ್ಟೆಪಾಡಿಗೆ ಕಾರು ಓಡಿಸುವವರು ಸುಳ್ಳು ಹೊಗಳಲ್ಲ ಕಣೋ.

ಇನ್ನೊಂದು ಪರೀಕ್ಷೆ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರುವ ಜೆ.ಸಿ. ರೋಡು. ಒಂದು ಶನಿವಾರ ಹೋಗಿ, ನೀನು ಮನಸ್ಸು ಮಾಡಿದ ಕಾರಿನ ಹೆಸರು ಹೇಳಿ ಸೈಡ್ ಮಿರರ್, ಮುಂದಿನ ಬಂಪರ್, ಹೆಡ್‌ಲೈಟಿನ ರೇಟು ಕೇಳು. ಅಂಗಡಿಯವನು ತಿರುಗಿ ಕಪಾಟಿನಿಂದ ತೆಗೆದುಕೊಟ್ಟರೆ ಸರಿ. "ಆರ್ಡರ್ ಕೊಟ್ರೆ ತರಿಸಿಕೊಡ್ತೀನಿ" ಅಂದರೆ ಯೋಚನೆ ಮಾಡು. ಬೆಂಗಳೂರಿನಲ್ಲಿ ಮಿರರ್ ಒಡೆಯಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಈಗಷ್ಟೇ ಹೊರಬಂದ ಮಾಡೆಲ್ಲಿಗೂ ಅಡ್ವಾನ್ಸ್ ಕೊಡಬೇಡ. ಒಂದು ವರ್ಷ ಬೇರೆಯವರು ಓಡಿಸಲಿ, ಮೊದಲ ಬ್ಯಾಚಿನ ಕೊರತೆಗಳು ಅವರ ಮನೆಯಲ್ಲೇ ಹೊರಬರಲಿ.

ಸೈಜು. ನಿಮ್ಮ ಬೀದಿಯಲ್ಲಿ ಎರಡು ಕಡೆ ಕಾರು ನಿಂತರೆ ನಡುವೆ ಹಾಲಿನ ಗಾಡಿ ಹೋಗೋದೇ ಕಷ್ಟ. ನಾಲ್ಕು ಮೀಟರ್ ಒಳಗಿನ ಕಾರು ಸಾಕು. ದುಡ್ಡಿಗೂ ಅದೇ ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ, 4 ಮೀಟರ್ ಮೀರದ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18 ಪರ್ಸೆಂಟ್. ದೊಡ್ಡದಕ್ಕೆ 40. ಅದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 5 ಲಕ್ಷ ದಾಟಿ 10 ಲಕ್ಷದ ತನಕ 14 ಪರ್ಸೆಂಟ್, ಅದನ್ನೂ ದಾಟಿದರೆ 20 ಲಕ್ಷದ ತನಕ 17. ಸೆಸ್ ಬೇರೆ. 9,80,000ದ ಕಾರಿಗೆ 1,37,200 ಕಟ್ಟುವವನು, ಸನ್‌ರೂಫಿನ ಆಸೆಗೆ 10,30,000ದ್ದಕ್ಕೆ ಹೋದರೆ 1,75,100 ಕಟ್ಟುತ್ತಾನೆ. ಐವತ್ತು ಸಾವಿರದ ತೂತಿಗೆ ಟ್ಯಾಕ್ಸೇ ಮೂವತ್ತೆಂಟು ಸಾವಿರ. ಆ ತೂತಿನ ಸುತ್ತ ನೀರು ಇಳಿಯೋಕೆ ಸಣ್ಣ ಪೈಪ್ ಇರುತ್ತೆ, ಅದರಲ್ಲಿ ಹೊಂಗೆ ಹೂವು ಕಟ್ಟಿಕೊಂಡರೆ ಮಳೆ ಒಳಗೇ.

ಟಾಪ್ ಎಂಡ್‌ನ ದೊಡ್ಡ ಅಲಾಯ್ ಚಕ್ರಕ್ಕೂ ಮರುಳಾಗಬೇಡ. ತೆಳ್ಳನೆ ಟೈರು ಗುಂಡಿಗೆ ಬಿದ್ದರೆ ಪಕ್ಕ ಉಬ್ಬಿಕೊಳ್ಳುತ್ತೆ, ರಿಮ್ಮಿಗೂ ಏಟು. ದುಡ್ಡು ಹಾಕೋದಾದರೆ ಸುರಕ್ಷತೆಗೆ ಹಾಕು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಅಂತ, ಕಾರನ್ನು ಗುದ್ದಿಸಿ ನೋಡುವ ನಮ್ಮದೇ ಪರೀಕ್ಷೆ ಇದೆ. ಅದರ ಸ್ಟಾರ್ ನೋಡು. ಪಾಪು ಬರ್ತಿದೆಯಲ್ಲ, ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಕಚ್ಚಿಸುವ ಐಸೋಫಿಕ್ಸ್ ಕೊಂಡಿ ಕೈಗೆ ಸಿಗುತ್ತಾ ಅಂತ ಬೆರಳು ಹಾಕಿ ನೋಡು.

ಈಗ ಡೆಲಿವರಿ. ನಮ್ಮ ಜನ ಆಯುಧಪೂಜೆಗೆ, ದೀಪಾವಳಿಗೆ ಕಾರು ಬಾಗಿಲಿಗೆ ಬರಬೇಕು ಅಂತ ಅವಸರ ಮಾಡುತ್ತಾರೆ. ನಾನೂ ಮಾಡಿದ್ದೆ. 2016ರ ಆ ಕಾರಿಗೆ ಹಬ್ಬದ ಆಫರ್ ಅಂತ ಚೆನ್ನಾಗಿಯೇ ಬಿಟ್ಟುಕೊಟ್ಟರು. ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡೋಕೆ ಬಗ್ಗಿದಾಗ ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ 0515 ಅಂತ ಕಂಡಿತು. ನಿಮ್ಮ ದೊಡ್ಡಪ್ಪನನ್ನು ಕೇಳಿದೆ. ಅವರು ಎರಡು ನಿಮಿಷ ಮಾತಾಡಲಿಲ್ಲ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2015ರ ಐದನೇ ವಾರದ ಟೈರು! ಆರ್‌ಸಿ ಬಂದಾಗ ನೋಡಿದರೆ ಕಾರು ತಯಾರಾದದ್ದೂ 2015ರ ಮಾರ್ಚಿನಲ್ಲಿ. ಒಂದೂವರೆ ವರ್ಷ ಎಲ್ಲೋ ಬಿಸಿಲಲ್ಲಿ ನಿಂತ ಕಾರನ್ನು ಹೊಸದು ಅಂತ ಕೊಟ್ಟಿದ್ದರು. ಜಗಳ ಆಡೋಕೆ ಹೋದರೆ "ನಿಮ್ಮ ಹೆಸರಿಗೆ ರಿಜಿಸ್ಟ್ರೇಷನ್ ಆಗಿಹೋಯ್ತಲ್ಲ ಮೇಡಂ" ಅಂದರು.

ಆದ್ದರಿಂದ ರಿಜಿಸ್ಟ್ರೇಷನ್‌ಗೆ ಕಳಿಸುವ ಮುಂಚೆಯೇ ಸ್ಟಾಕ್‌ಯಾರ್ಡಿಗೆ ಹೋಗು. ಹಗಲಲ್ಲೇ ಹೋಗು. ತಯಾರಾದ ತಿಂಗಳು ಕೇಳು, ಐದೂ ಟೈರಿನ ಅಂಕಿ ಓದು, ಪೇಂಟಿಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ ಓರೆಯಾಗಿ ನೋಡು. ಮತ್ತೆ ಪಾಲಿಶ್ ಮಾಡಿದ್ದರೆ ಬೆಳಕು ಅಲೆಅಲೆಯಾಗಿ ಕಾಣುತ್ತೆ. ಇನ್ಶೂರೆನ್ಸ್ ಅವರಲ್ಲೇ ತಗೋಬೇಕು ಅಂತ ಕಾನೂನಿಲ್ಲ. ಹೊರಗಿನ ರೇಟು ತೋರಿಸಿದರೆ ಅವರೇ ಇಳಿಸುತ್ತಾರೆ. ಇಂಜಿನ್ ಪ್ರೊಟೆಕ್ಷನ್ ಮಾತ್ರ ಬಿಡಬೇಡ. 2022ರ ಸೆಪ್ಟೆಂಬರಿನಲ್ಲಿ ನಿಮ್ಮ ಬೆಳ್ಳಂದೂರಿನ ಕಡೆ ಕಾರುಗಳು ಬಾನೆಟ್ ತನಕ ಮುಳುಗಿದ್ದು ಮರೆತಿಲ್ಲ ತಾನೇ? ನೀರಲ್ಲಿ ನಿಂತ ಕಾರನ್ನು ಕೀ ತಿರುಗಿಸಿ ಸ್ಟಾರ್ಟ್ ಮಾಡಲೇಬೇಡ. ಸಿಲಿಂಡರಿಗೆ ನೀರು ಹೋಗಿ ಇಂಜಿನ್ ಒಡೆಯುತ್ತೆ, ಮಾಮೂಲಿ ಪಾಲಿಸಿ ಅದಕ್ಕೆ ದುಡ್ಡು ಕೊಡಲ್ಲ.

ಶೋರೂಮಿನವರು ಭಾನುವಾರ ಬೆಳಿಗ್ಗೆ ಖಾಲಿ ರೋಡಿನಲ್ಲಿ ಟೆಸ್ಟ್ ಡ್ರೈವ್ ಕೊಡುತ್ತಾರೆ. ಬೇಡ ಅನ್ನು. ಮಂಗಳವಾರ ಎಂಟೂವರೆಗೆ ಕೇಳು, ಬನಶಂಕರಿಯಿಂದ ಸಿಲ್ಕ್ ಬೋರ್ಡಿಗೆ ನೀನೇ ಓಡಿಸು. ಆಮೇಲೆ ನಿನ್ನ ಹೆಂಡತಿಯೂ ಓಡಿಸಲಿ. ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟರೆ ಹಿಂದೆ ಜಾರುತ್ತಾ ನೋಡು. ಬೇಸ್‌ಮೆಂಟಿನ ಕಂಬದ ಪಕ್ಕ ರಿವರ್ಸ್ ಹಾಕು.

ನಾನು ಸೋಮವಾರ ಸಂಜೆ ಟ್ರೈನಿಗೆ ಬರುತ್ತೇನೆ. ಮಂಗಳವಾರ ಹಿಂದಿನ ಸೀಟಿನಲ್ಲಿ ಕೂರೋದು ನಾನು. ಮಂಡಿ ಮುಂದಿನ ಸೀಟಿಗೆ ತಾಗಿದರೆ ಅಲ್ಲೇ ಹೇಳುತ್ತೇನೆ. ನಿಮ್ಮಮ್ಮನಿಗೆ ಚಟ್ನಿಪುಡಿ ಮಾಡಿಟ್ಟಿದ್ದೇನೆ, ಸ್ಟೇಷನ್ನಿಗೆ ಬರುವಾಗ ಡಬ್ಬಿ ತರೋಕೆ ಮರೀಬೇಡ. ಹಳೇ ಡಬ್ಬಿ ಮೂರೂ ನಿಮ್ಮಲ್ಲೇ ಇವೆ.

ಇಂತಿ,
ನಿನ್ನ ದೊಡ್ಡಮ್ಮ