ಕೆರೆಗೆ ಕೊಟ್ಟ ಮಾತು

ಹನುಮಂತನಗರ, ಬೆಂಗಳೂರು

ಪ್ರೀತಿಯ ಮಗುವೇ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಆಸೆಯಿಂದ, ಎರಡನೆಯ ಸಲ ಸಿಟ್ಟಿನಿಂದ. ಜೊತೆಗಿಟ್ಟ ಪತ್ರದಲ್ಲಿ ನನ್ನನ್ನು ಆರು ಬಾರಿ ‘ಮೇಡಂ’ ಎಂದಿದ್ದೀಯ. ಅಮ್ಮ ಎಂದರೆ ಸಾಕು.

ಪ್ರಕಾಶಕರು ಎಷ್ಟು ಪುಟ ಬಯಸುತ್ತಾರೆ, ಅಧ್ಯಾಯಗಳಿಗೆ ಹೆಸರಿಡಬೇಕೇ, ಮಾತುಕತೆಯನ್ನು ಆಡುನುಡಿಯಲ್ಲಿ ಬರೆಯಬೇಕೇ ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನ್ನನ್ನು ಕಲಕಿದ್ದು ಪತ್ರದ ಕೊನೆಯ ಪುಟ. ಫ್ಯಾಂಟಸಿ ಕಾದಂಬರಿಗಳನ್ನು ಅರೆದು ಕುಡಿದ ಗೆಳೆಯರಿಗೆ ಓದಲು ಕೊಟ್ಟೆ ಎಂದು ಬರೆದಿದ್ದೀಯ. ಒಬ್ಬ ಇದು ಸಿನಿಮಾ ಆಗುವುದಿಲ್ಲ ಎಂದ, ಇನ್ನೊಬ್ಬ ಸಿನಿಮಾ ಆದರೆ ಹಾಳಾಗುತ್ತದೆ ಎಂದ, ಮತ್ತೊಬ್ಬಳು ಕೊನೆಯನ್ನು ಬದಲಿಸು ಎಂದಳು. ಬದಲಿಸಿದೆ, ಈಗ ನನಗೇ ಅದನ್ನು ಓದಲು ಆಗುತ್ತಿಲ್ಲ, ಬರೆಯುವುದನ್ನೇ ಬಿಡಲೇ ಎಂದು ಕೇಳಿದ್ದೀಯ. ವೈಟ್‌ಫೀಲ್ಡ್‌ಗೆ ಹೋಗಿ ಬರುವಾಗ ಮೆಟ್ರೊದಲ್ಲಿ ನಿಂತುಕೊಂಡೇ ನಾನ್ನೂರು ಪುಟ ಬರೆದವನು ಇಂಥ ಪ್ರಶ್ನೆ ಕೇಳಬಾರದು. ಇನ್ನೊಮ್ಮೆ ಕೇಳಿದರೆ ನಾನು ಉತ್ತರ ಬರೆಯುವುದಿಲ್ಲ.

ನಿನ್ನ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಅಡಿಯಲ್ಲಿ ಧರ್ಮಾಂಬುಧಿ ಕೆರೆ ಇನ್ನೂ ಉಸಿರಾಡುತ್ತಿದೆ, ಕಂಠೀರವ ಕ್ರೀಡಾಂಗಣದ ಅಡಿಯಲ್ಲಿ ಸಂಪಂಗಿ ಕೆರೆ ಮಗ್ಗುಲು ಬದಲಿಸುತ್ತದೆ. ಹೆಸರು ಹಿಡಿದು ಕರೆದರೆ ಕೆರೆ ಎದ್ದು ಬರುತ್ತದೆ, ಆದರೆ ಕರೆದವರು ತಮ್ಮ ಒಂದು ನೆನಪನ್ನು ಅದಕ್ಕೆ ಕೊಟ್ಟುಬಿಡಬೇಕು. ಹನ್ನೆರಡನೆಯ ಪುಟದಲ್ಲಿ ಈ ಕಟ್ಟಳೆಯನ್ನು ಓದಿದಾಗ ಮೈ ಜುಮ್ಮೆಂದಿತು. ಈ ಊರಿಗೆ ಇಂಥ ಲೆಕ್ಕಾಚಾರ ಹೊಸದಲ್ಲ. ಕೋಟೆಯ ಬಾಗಿಲು ನಿಲ್ಲಲೆಂದು ಕೆಂಪೇಗೌಡರ ಸೊಸೆ ತನ್ನನ್ನೇ ಬಲಿಕೊಟ್ಟಳೆಂಬ ಐತಿಹ್ಯವಿದೆ, ಕೋರಮಂಗಲದಲ್ಲಿ ಅವಳ ಸಮಾಧಿಯಿದೆ. ಆ ಕಥೆಯ ಕ್ರೌರ್ಯವನ್ನು ನಾನು ಎಂದೂ ಒಪ್ಪಿಲ್ಲ. ನೀನು ಬಲಿಯ ಬದಲು ನೆನಪನ್ನು ಕೇಳಿದೆ, ಅದು ನಿನ್ನ ಒಳ್ಳೆಯತನ. ಆರನೆಯ ಅಧ್ಯಾಯದಲ್ಲಿ ಹೂ ಮಾರುವ ಮುದುಕಿ ಒಂದು ಬಿಂದಿಗೆ ನೀರು ಕರೆದು ಮಗನ ಮುಖವನ್ನೇ ಮರೆಯುತ್ತಾಳೆ. ಅವನು ಎದುರು ಬಂದು ನಿಂತಾಗ ‘ಎಷ್ಟು ಮೊಳ ಬೇಕು ಸ್ವಾಮಿ?’ ಎನ್ನುತ್ತಾಳೆ. ಅಲ್ಲಿ ನಾನು ಹಾಳೆಗಳನ್ನು ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ.

ಮೂವತ್ತೊಂದನೆಯ ಅಧ್ಯಾಯದಲ್ಲಿ ನಿನ್ನ ನಾಯಕಿ ಇಡೀ ಧರ್ಮಾಂಬುಧಿಯನ್ನೇ ಕರೆಯುತ್ತಾಳೆ. ಎಂಟು ಪುಟ ಬರೀ ನೀರು. ಬಸ್ಸುಗಳು ತೇಲುತ್ತವೆ, ಮೇಲುಸೇತುವೆಯ ಮೇಲೆ ಜನ ಕೈಮುಗಿಯುತ್ತಾರೆ. ಅವಳು ಏನನ್ನು ಮರೆತಳು? ಏನನ್ನೂ ಇಲ್ಲ. ಒಂದು ಬಿಂದಿಗೆಗೆ ಮಗನ ಮುಖ ಹೋಯಿತು, ಒಂದು ಕೆರೆಗೆ ಏನೂ ಹೋಗಲಿಲ್ಲ! ಗೆಳತಿಗೆ ನಾಯಕಿಯ ಮೇಲೆ ಮರುಕ ಬಂದದ್ದರಿಂದ, ಸಿನಿಮಾದವರು ಓದಿದರೆ ಪರದೆಯ ಮೇಲೆ ಚೆನ್ನಾಗಿ ಕಾಣಲಿ ಎಂದುಕೊಂಡದ್ದರಿಂದ, ಹೀಗೆ ಮಾಡಿದ್ದೀಯ. ನೀನೇ ಬರೆದಿದ್ದೀಯ, ನಾನು ಊಹಿಸಿದ್ದಲ್ಲ.

ನನ್ನ ಮಗ ಕಾಲೇಜಿನಲ್ಲಿದ್ದಾಗ ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಮೂರು ಬಾರಿ ಓದಿದ್ದ. ಪೀಟರ್ ಜ್ಯಾಕ್ಸನ್ ಅದನ್ನು 2001ರಿಂದ 2003ರವರೆಗೆ ಮೂರು ಚಿತ್ರಗಳಾಗಿ ತಂದರು. ಮೊದಲನೆಯದರಲ್ಲಿ ಟಾಮ್ ಬಾಂಬಡಿಲ್ ಎಂಬ ವಿಚಿತ್ರ ಮುದುಕನನ್ನೇ ಕೈಬಿಟ್ಟಿದ್ದರು. ಮಗ ಗೊಣಗಿದ, ಮರುದಿನ ಮರೆತ. ಎರಡನೆಯದನ್ನು ನೋಡಿ ಬರುವಾಗ ಬಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಬಸವನಗುಡಿ ಬಂದಾಗ ಒಂದೇ ಮಾತು ಆಡಿದ: ‘ಅವನು ಹಾಗೆ ಮಾಡುವವನಲ್ಲ.’ ಪಕ್ಕದ ಮನೆಯವರ ಮೇಲೆ ಕಳ್ಳತನದ ಆರೋಪ ಬಂದಾಗ ಆಡುವ ಮಾತಿನಂತಿತ್ತು ಅದು. ಅವನು ಹೇಳುತ್ತಿದ್ದುದು ಫ್ಯಾರಮಿರ್ ಎಂಬ ಸೇನಾನಾಯಕನ ಬಗ್ಗೆ. ಪುಸ್ತಕದಲ್ಲಿ ಅವನು, ಕಥೆಯ ನಾಯಕ ಫ್ರೋಡೋ ಗುಟ್ಟಾಗಿ ಹೊತ್ತೊಯ್ಯುತ್ತಿರುವ ವಸ್ತು ಏನೆಂದು ತಿಳಿಯುವ ಮೊದಲೇ, ದಾರಿಯಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳಲಾರೆ ಎಂದಿರುತ್ತಾನೆ. ಅದು ಎಲ್ಲರನ್ನೂ ಸೆಳೆಯುವ ಮಾಯದ ಉಂಗುರವೆಂದು ತಿಳಿದ ಮೇಲೂ, ಆಡಿದ ಮಾತನ್ನು ಪ್ರತಿಜ್ಞೆಯಾಗಿ ಹಿಡಿದು ಫ್ರೋಡೋನನ್ನು ಬಿಟ್ಟು ಕಳಿಸುತ್ತಾನೆ. ಚಿತ್ರದಲ್ಲಿ ಅವನು ಉಂಗುರವನ್ನು ತಂದೆಗೆ ಒಪ್ಪಿಸಲು ಫ್ರೋಡೋನನ್ನು ಎಳೆದುಕೊಂಡು ಹೊರಡುತ್ತಾನೆ.

ಚಿತ್ರದವರಿಗೂ ಕಾರಣವಿತ್ತು. ಉಂಗುರದ ಸೆಳೆತಕ್ಕೆ ಎಲ್ಲರೂ ಸೋಲುತ್ತಾರೆ ಎಂದು ಅಲ್ಲಿಯವರೆಗೂ ಹೇಳಿಕೊಂಡು ಬಂದು, ಒಬ್ಬ ಸುಲಭವಾಗಿ ಬೇಡವೆಂದುಬಿಟ್ಟರೆ ಉಂಗುರದ ಶಕ್ತಿಯೇ ಇಳಿಯುತ್ತದೆ ಎಂದು ಅವರು ವಾದಿಸಿದರು. ನಾನು ಈ ವಾದವನ್ನು ಗೌರವಿಸುತ್ತೇನೆ. ಅವರು ತಮ್ಮ ಪ್ರೇಕ್ಷಕರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರು. ಮಗ ಟೋಲ್ಕಿನ್ ಕೊಟ್ಟ ಮಾತನ್ನು ಕಾಯುತ್ತಿದ್ದ. ನಮ್ಮ ಮನೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.

ಉರ್ಸುಲಾ ಲೆ ಗ್ವಿನ್‌ರ ಅರ್ಥ್‌ಸೀ ಕಥೆಗಳಿಗೆ ಆದದ್ದು ಇನ್ನೂ ಕೆಟ್ಟದ್ದು. ಆ ಲೋಕದಲ್ಲಿ ನಿಜ ಹೆಸರು ತಿಳಿದವರ ಕೈಯಲ್ಲಿ ಪ್ರಾಣ ಇರುತ್ತದೆ. ಆದ್ದರಿಂದ ಮಾಂತ್ರಿಕನನ್ನು ಲೋಕವೆಲ್ಲ ಸ್ಪ್ಯಾರೋಹಾಕ್ ಎಂದು ಕರೆಯುತ್ತದೆ, ಗೆಡ್ ಎಂಬ ನಿಜ ಹೆಸರು ನಂಬಿದ ಕೆಲವರಿಗೆ ಮಾತ್ರ ಗೊತ್ತು. 2004ರ ಟಿವಿ ರೂಪದಲ್ಲಿ ಎರಡನ್ನೂ ಅದಲುಬದಲು ಮಾಡಿದರು. ಗುಟ್ಟಾಗಿರಬೇಕಾದ ಹೆಸರು ಎಲ್ಲರ ಬಾಯಲ್ಲಿತ್ತು. ಕಂದು ಮೈಬಣ್ಣದ ಗೆಡ್‌ನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದರು. ಲೆ ಗ್ವಿನ್ ಬಹಿರಂಗವಾಗಿಯೇ ಪ್ರತಿಭಟಿಸಿದರು. ಓದುಗರ ಕೋಪವನ್ನು ಅಭಿಮಾನಿಗಳ ಹಟ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರು ದೃಶ್ಯಗಳನ್ನು ಎಣಿಸುತ್ತಿಲ್ಲ, ಕಟ್ಟಳೆಯನ್ನು ಕಾಯುತ್ತಿದ್ದಾರೆ.

ಮೂಲವನ್ನು ಮುಟ್ಟಲೇಬಾರದು ಎನ್ನುವವಳಲ್ಲ ನಾನು. ಕನ್ನಡದವರು ಹಾಗೆ ಹೇಗೆ ಹೇಳಿಯೇವು? ಸಾವಿರ ವರ್ಷಗಳ ಹಿಂದೆಯೇ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡವನಿಗೆ ಅದು ಬೇಕಾಗಿತ್ತು. ಆದರೆ ದುಶ್ಶಾಸನನನ್ನು ಕೊಂದು ದ್ರೌಪದಿಯ ಮುಡಿ ಕಟ್ಟುವ ಹೊತ್ತಿಗೆ ಬರುವವನು ಭೀಮನೇ. ಆ ಪದ್ಯಗಳು ಎಷ್ಟೇ ಉಜ್ವಲವಾಗಿದ್ದರೂ, ಗಂಡ ಎಲ್ಲಿ ಎಂದು ಓದುಗ ಕೇಳಿಯೇ ಕೇಳುತ್ತಾನೆ. ಪಂಪನಂಥ ಪಂಪನಿಗೂ ಒಂದು ಗಂಟು ಬಿಚ್ಚಿದಾಗ ಇನ್ನೊಂದು ಕಡೆ ಹಗ್ಗ ಎಳೆಯಿತು. ನೀನು ಎರಡೇ ರಾತ್ರಿಗಳಲ್ಲಿ ಕೊನೆ ಬದಲಿಸಿದ್ದೇನೆ ಎನ್ನುತ್ತೀಯ!

ನನಗೆ ಇಷ್ಟು ಸಿಟ್ಟು ಏಕೆಂದು ಹೇಳಬೇಕು. ಯಾರಿಗೂ ಬರೆದು ತಿಳಿಸಿದ್ದಲ್ಲ ಇದು. ಮೂವತ್ತೆರಡನೆಯ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆದೆ. ಹೊಳೆ ದಾಟಿದ ದಿನ ಸಾಯುವೆ ಎಂಬ ಶಾಪವಿದ್ದ ಹುಡುಗನ ಕಥೆ. ಕೊನೆಯ ಕಂತಿನಲ್ಲಿ ಅವನು ತಂಗಿಗಾಗಿ ಹೊಳೆ ದಾಟಿದ, ಸತ್ತ. ಕಾಗದಗಳು ರಾಶಿ ಬಿದ್ದವು, ಹೆಚ್ಚಿನವು ಅವನನ್ನು ಬದುಕಿಸಿ ಎಂದು ಬೇಡಿದವು. ಪುಸ್ತಕವಾಗುವಾಗ ಪ್ರಕಾಶಕರೂ ಒತ್ತಾಯಿಸಿದರು. ಬದುಕಿಸಿದೆ. ಒಬ್ಬ ಸನ್ಯಾಸಿಯನ್ನು ತಂದು ಶಾಪವನ್ನು ಕಳೆಯಿಸಿದೆ. ಪುಸ್ತಕ ಎರಡನೆಯ ಮುದ್ರಣ ಕಂಡಿತು, ಒಬ್ಬ ನಿರ್ಮಾಪಕರು ಚಿತ್ರವನ್ನೂ ಮಾಡಿದರು. ಚಿತ್ರದಲ್ಲಿ ಶಾಪವೇ ಇರಲಿಲ್ಲ. ಹೊಳೆ ಹಾಡಿಗೆ ಒದಗುವ ಜಾಗವಾಗಿತ್ತು.

ಹತ್ತು ವರ್ಷ ಆ ಚಿತ್ರವನ್ನು ಬೈದುಕೊಂಡು ತಿರುಗಿದೆ. ಗಾಂಧಿ ಬಜಾರಿನ ಹತ್ತಿರ ಒಂದು ಸಭೆಯಲ್ಲಿ ಅದನ್ನೇ ಹೇಳಿದಾಗ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ಕೈಯಲ್ಲಿ ವಾರಪತ್ರಿಕೆಯ ಹಾಳೆಗಳನ್ನು ಕತ್ತರಿಸಿ, ದಾರದಿಂದ ಹೊಲಿದು, ರಟ್ಟು ಹಾಕಿಸಿದ ನನ್ನ ಧಾರಾವಾಹಿ. ‘ಮೊದಲು ಮುರಿದವರು ನೀವಲ್ಲವೇ ಅಮ್ಮ? ಅವರು ಮುರಿದದ್ದನ್ನು ಎತ್ತಿಕೊಂಡರು’ ಎಂದರು. ಸಭೆ ಮುಗಿದ ಮೇಲೆ ಅವರ ಹಿಂದೆ ಓಡಿದೆ. ನನ್ನ ಬಳಿ ಆ ಕೊನೆಯ ಕಂತು ಉಳಿದಿಲ್ಲ, ನಕಲು ಮಾಡಿಕೊಂಡು ಹಿಂತಿರುಗಿಸುತ್ತೇನೆ ಎಂದು ಬೇಡಿದೆ. ಅವರು ಕೊಡಲಿಲ್ಲ. ‘ನಿಮ್ಮ ಕೈಗೆ ಕೊಡುವುದಿಲ್ಲ’ ಎಂದರು. ಆಗ ನನಗೆ ಅವಮಾನವಾಗಿತ್ತು. ಈಗ ಅವರ ಹೆಸರನ್ನಾದರೂ ಕೇಳಿಕೊಳ್ಳಬೇಕಿತ್ತು ಎನ್ನಿಸುತ್ತದೆ. ಆ ಹುಡುಗ ಸತ್ತ ಪುಟವನ್ನು ಮತ್ತೆ ಬರೆಯಲು ಎಷ್ಟೋ ಸಲ ಕುಳಿತಿದ್ದೇನೆ. ಬರಲಿಲ್ಲ.

ನಿನ್ನ ಗೆಳತಿಯ ಮೇಲೆ ನನಗೆ ಕೋಪವಿಲ್ಲ ಮಗೂ. ಅವಳು ನಿನ್ನ ನಾಯಕಿಗಾಗಿ ಅತ್ತಿದ್ದಾಳೆ, ಅಷ್ಟು ಚೆನ್ನಾಗಿ ಬರೆದಿದ್ದೀಯ ನೀನು. ಅವಳ ಅಳುವನ್ನು ಕಂಡು ನಿನ್ನ ಕೈ ನಡುಗಿತು. ನನ್ನ ಕೈಯೂ ನಡುಗಿತ್ತು. ಆದರೆ ಅವಳೇ ಇನ್ನು ಐದು ವರ್ಷಗಳ ನಂತರ ಪುಸ್ತಕವನ್ನು ತೆರೆದು, ಹೂ ಮಾರುವ ಮುದುಕಿಯ ಪುಟವನ್ನು ದಾಟಿ ಮೂವತ್ತೊಂದಕ್ಕೆ ಬಂದಾಗ, ‘ಈ ಕೆರೆ ಹಾಗೆ ಮಾಡುವಂಥದ್ದಲ್ಲ’ ಎನ್ನುತ್ತಾಳೆ. ಆಗ ಬೈಯಲು ಯಾವ ನಿರ್ದೇಶಕನೂ ಸಿಗುವುದಿಲ್ಲ.

ಮೊದಲು ಬರೆದ ಕೊನೆ ನಿನ್ನ ಬಳಿ ಇದೆಯೇ? ಮೊಬೈಲಿನಿಂದ ಅಳಿಸಿಬಿಟ್ಟಿದ್ದರೆ ಅದನ್ನು ಓದಿದ ಗೆಳೆಯರಲ್ಲಿ ಹುಡುಕು, ಇವತ್ತೇ ಹುಡುಕು. ಸಿಕ್ಕದಿದ್ದರೆ ಮತ್ತೆ ಬರೆ. ನಾಯಕಿಯ ಅಜ್ಜಿ ರಾಗಿ ಬೀಸುತ್ತಾ ಅವಳಿಗೆ ಕೆರೆಗಳ ಹೆಸರನ್ನು ಕಲಿಸಿದ ಸಂಜೆ ಎರಡನೆಯ ಅಧ್ಯಾಯದಲ್ಲಿದೆಯಲ್ಲ, ಕೆರೆ ಕೇಳುವುದು ಅದನ್ನೇ ಇರಬೇಕು ಎಂದು ನನಗೆ ಭಯ. ಇರಬಹುದೇ ಎಂದು ಪತ್ರದಲ್ಲಿ ತಿಳಿಸಬೇಡ. ಭಾನುವಾರ ಸಂಜೆ ನಾನು ಮನೆಯಲ್ಲಿರುತ್ತೇನೆ. ಹಾಳೆಗಳನ್ನು ತೆಗೆದುಕೊಂಡು ಬಾ, ನಾನು ಓದಿ ಮುಗಿಸುವವರೆಗೆ ಎದುರು ಕುಳಿತಿರು.

ನಿನ್ನ
ಅಮ್ಮ