ವಿಜ್ಞಾನಿ ಒಂದು ದಿನ ಬಂದು ಹೋದರೆ ಸಾಲದು

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಶಾಲೆಗಳ ಜೊತೆ ಕೈಜೋಡಿಸಬೇಕು ಎಂಬ ಮಾತು ಈಗೀಗ ಜಾಸ್ತಿ ಕೇಳಿಬರುತ್ತಿದೆ. ನಿಮ್ಮ ಪತ್ರಿಕೆಯಲ್ಲೂ ಈ ಬಗ್ಗೆ ಬರಹ ಬಂದಿತ್ತು. 22 ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಇದು ತುಂಬಾ ಖುಷಿಯ ವಿಷಯ. ಆದರೆ ಕೈಜೋಡಿಸುವುದು ಎಂದರೆ ಏನು ಎಂಬುದನ್ನು ತರಗತಿಯೊಳಗೆ ನಿಂತವರೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ದೊಡ್ಡ ವಿಜ್ಞಾನಿಯೊಬ್ಬರು ಬಂದಿದ್ದರು. ಒಂದೂವರೆ ಗಂಟೆ ಮಾತಾಡಿದರು, ಪರದೆಯ ಮೇಲೆ ಒಳ್ಳೊಳ್ಳೆಯ ಚಿತ್ರ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು, ಫೋಟೋ ತೆಗೆಸಿಕೊಂಡರು. ಮರುದಿನ ಕ್ಲಾಸಿನಲ್ಲಿ ಏನು ಕೇಳಿದಿರಿ ಎಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಆ ವಿಜ್ಞಾನಿಯ ತಪ್ಪೇನೂ ಇಲ್ಲ. ಅವರಿಗೆ ನಮ್ಮ ಮಕ್ಕಳು ಗೊತ್ತಿರಲಿಲ್ಲ, ನಾವು ಏನು ಪಾಠ ಮಾಡುತ್ತಿದ್ದೇವೆ ಎಂದು ಯಾರೂ ಅವರಿಗೆ ಹೇಳಿಯೂ ಇರಲಿಲ್ಲ.

ಕಳೆದ ಎರಡು ವರ್ಷ ನಡೆದದ್ದು ಬೇರೆ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕರೊಬ್ಬರು, ಜೊತೆಗೆ ಪಿಎಚ್.ಡಿ ಮಾಡುತ್ತಿರುವ ಇಬ್ಬರು, ಹದಿನೈದು ದಿನಕ್ಕೊಮ್ಮೆ ನಮ್ಮ ಶಾಲೆಗೆ ಬರುತ್ತಿದ್ದಾರೆ. ಭಾಷಣ ಮಾಡುವುದಿಲ್ಲ. ಮೊದಲ ತಿಂಗಳು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಪಾಠ ಕೇಳಿದರು.

ಒಂದು ದಿನ ನಾನು ಮೇಣದಬತ್ತಿಯ ಪ್ರಯೋಗ ಮಾಡಿಸುತ್ತಿದ್ದೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. 'ಆಮ್ಲಜನಕ ಉರಿದು ಹೋಯಿತು, ಆ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ ಅಲ್ವಾ' ಎಂದು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೆ. ಅವತ್ತು ಒಬ್ಬಳು ಹುಡುಗಿ ಎದ್ದು ನಿಂತಳು. 'ಮಿಸ್, ಬತ್ತಿ ಉರಿಯುವಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಒಂದೇ ಸಲ ಏರಿತು. ಯಾಕೆ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಪ್ರಾಧ್ಯಾಪಕರು ಉತ್ತರ ಕೊಡಬಹುದಿತ್ತು, ಕೊಡಲಿಲ್ಲ. 'ಅದೇ ಲೋಟಕ್ಕೆ ಮೂರು ಬತ್ತಿ ಇಟ್ಟರೆ ನೀರು ಎಷ್ಟು ಏರಬಹುದು?' ಎಂದು ಕೇಳಿದರು. ಒಳಗಿರುವ ಆಮ್ಲಜನಕ ಅಷ್ಟೇ, ಹಾಗಾಗಿ ನೀರೂ ಅಷ್ಟೇ ಏರಬೇಕು ಎಂದರು ಮಕ್ಕಳು. ಇಟ್ಟು ನೋಡಿದೆವು. ನೀರು ಮೊದಲಿಗಿಂತ ಎಷ್ಟೋ ಮೇಲೆ ಹೋಯಿತು! ಅಲ್ಲಿಂದ ಎರಡು ಪಿರಿಯಡ್ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಉರಿಯ ಬಿಸಿಗೆ ಗಾಳಿ ಹಿಗ್ಗುತ್ತದೆ. ಲೋಟ ಮುಚ್ಚುವ ಹೊತ್ತಿಗೇ ಒಂದಷ್ಟು ಗಾಳಿ ಹೊರಗೆ ಹೋಗಿರುತ್ತದೆ. ಬತ್ತಿ ಆರಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕ ಪೂರ್ತಿ ಖಾಲಿಯಾಗುವುದಕ್ಕೆ ಎಷ್ಟೋ ಮೊದಲೇ ಬತ್ತಿ ಆರಿರುತ್ತದೆ. ಗಾಳಿ ಹೊರಗೆ ಹೋಗುವಾಗ ಲೋಟದ ಅಂಚಿನಲ್ಲಿ ಗುಳ್ಳೆ ಬಂದದ್ದನ್ನು ಕಂಡೆ ಎಂದು ಮೊದಲು ಹೇಳಿದವನು ಕ್ಲಾಸಿನಲ್ಲಿ ಎಂದೂ ಮಾತಾಡದ ಹುಡುಗ.

ನಾನು ವರ್ಷಗಟ್ಟಲೆ ತಪ್ಪು ಹೇಳಿದ್ದೆ ಎಂದು ಅವತ್ತು ನೋವಾಯಿತು. ಆದರೆ ಪಕ್ಕದಲ್ಲಿ ಒಬ್ಬರಿದ್ದರು, ಅವರು ನನ್ನನ್ನು ಮಕ್ಕಳೆದುರು ಸಣ್ಣವಳನ್ನಾಗಿ ಮಾಡಲಿಲ್ಲ. ನನಗೆ ಇದೇ ದೊಡ್ಡದು.

ಕಲಿತದ್ದು ನಾನೊಬ್ಬಳೇ ಅಲ್ಲ. ಋತುಗಳ ಪಾಠ ಅವರೇ ಶುರು ಮಾಡಲು ಹೊರಟಾಗ ನಾನು ತಡೆದೆ. 'ಸರ್, ಮೊದಲು ಮಕ್ಕಳ ತಲೆಯಲ್ಲಿ ಏನಿದೆ ಕೇಳಿ' ಎಂದೆ. ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಎಂದು ಹೆಚ್ಚುಕಮ್ಮಿ ಇಡೀ ಕ್ಲಾಸು ಹೇಳಿತು. ನಿಜ ಏನೆಂದರೆ, ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ. ಜುಲೈಯಲ್ಲಿ ಅದು 15.2 ಕೋಟಿ ಕಿ.ಮೀ. ಆಗುತ್ತದೆ. ಋತು ಬದಲಾಗುವುದು ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ. ಪ್ರಾಧ್ಯಾಪಕರು ಇದೇ ಪ್ರಶ್ನೆಯನ್ನು ತಮ್ಮ ಪದವಿ ವಿದ್ಯಾರ್ಥಿಗಳಿಗೆ ಕೇಳಿದರಂತೆ. ಅಲ್ಲೂ ಅನೇಕರದ್ದು ಅದೇ ಉತ್ತರ. ಈಗ ಅವರು ತಮ್ಮ ಪಾಠವನ್ನೂ ಪ್ರಶ್ನೆಯಿಂದಲೇ ಶುರು ಮಾಡುತ್ತಾರೆ.

ಇದು ಹೊಸ ಯೋಚನೆಯೇನಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಇಂಥ ಕೆಲಸ ಶುರುವಾಯಿತು. ದೆಹಲಿ ವಿಶ್ವವಿದ್ಯಾಲಯ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿ ಶಾಲೆಯ ಶಿಕ್ಷಕರ ಜೊತೆ ಕೂತು ಪ್ರಯೋಗಗಳನ್ನು ಕಟ್ಟಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆಯೂ ಇತ್ತು. ಅಂಥ ಕೆಲಸವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು ಎನ್ನುವುದು ನನಗೆ ಇವತ್ತಿಗೂ ಸಂಕಟ. ಫ್ರಾನ್ಸಿನಲ್ಲಿ ನೊಬೆಲ್ ಪಡೆದಿದ್ದ ಭೌತವಿಜ್ಞಾನಿ ಜಾರ್ಜ್ ಶಾರ್ಪಾಕ್ ಅಲ್ಲಿನ ವಿಜ್ಞಾನ ಅಕಾಡೆಮಿಯ ಬೆಂಬಲದೊಂದಿಗೆ ಪ್ರಾಥಮಿಕ ಶಾಲೆಗಳಿಗಾಗಿ 1996ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ಅದರ ಹೆಸರಿನ ಅರ್ಥವೇ 'ಹಿಟ್ಟಿಗೆ ಕೈ ಹಾಕುವುದು'. ಅಲ್ಲಿ ವಿಜ್ಞಾನಿ ಶಿಕ್ಷಕರ ಜೊತೆಗಿರುತ್ತಾರೆ, ಶಿಕ್ಷಕರ ಜಾಗದಲ್ಲಿ ನಿಲ್ಲುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಆಲ್ಬರ್ಟ್ಸ್ ಎಂಬ ಜೀವರಸಾಯನ ವಿಜ್ಞಾನಿ 1987ರಲ್ಲೇ ಊರಿನ ಶಾಲೆಗಳ ಜೊತೆ ಇಂಥ ನಂಟು ಕಟ್ಟಿದ್ದರು.

ಹಾಗಾದರೆ ತೊಡಕು ಎಲ್ಲಿದೆ? ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಪ್ರಬಂಧಗಳನ್ನು ಎಣಿಸುತ್ತಾರೆ, ಶಾಲೆಯಲ್ಲಿ ಕಳೆದ ಗಂಟೆಗಳನ್ನು ಎಣಿಸುವುದಿಲ್ಲ. ನಮ್ಮ ಪ್ರಾಧ್ಯಾಪಕರು ರಜೆ ಹಾಕಿ ಬರುತ್ತಿದ್ದಾರೆ. ಪಿಎಚ್.ಡಿ ಹುಡುಗರಿಗಂತೂ ಇದು ಸಮಯ ಹಾಳು ಎಂದು ಬೈಸಿಕೊಳ್ಳುವ ಕೆಲಸ. ನಮ್ಮ ಕಡೆಯ ತೊಂದರೆ ಪೋರ್ಷನ್. ಮೇಣದಬತ್ತಿಗೆ ಎರಡು ಪಿರಿಯಡ್ ಹೋಯಿತು ಎಂದರೆ ಪರೀಕ್ಷೆ ಹೊತ್ತಿಗೆ ಯಾರಾದರೂ ಕೇಳೇ ಕೇಳುತ್ತಾರೆ. ಪಾಠದ ಮೊದಲು ವಿಜ್ಞಾನಿಯ ಜೊತೆ ಕೂತು ಪ್ರಯೋಗ ಮಾಡಿ ನೋಡಲು ನಮಗೆ ಬಿಡುವೇ ಇಲ್ಲ. ನಾವು ಅದನ್ನು ಸಂಜೆ ಶಾಲೆ ಬಿಟ್ಟ ಮೇಲೆ ಮಾಡುತ್ತೇವೆ.

ಶಾಲೆಯ ಕೆಲಸವನ್ನು ವಿಜ್ಞಾನಿಗಳ ಬೋಧನೆಯ ಲೆಕ್ಕಕ್ಕೆ ಸೇರಿಸಿ. ಪಿಎಚ್.ಡಿ ವಿದ್ಯಾರ್ಥಿಗಳಿಗೆ ಅಂಕವೋ ಭತ್ಯೆಯೋ ಕೊಡಿ. ಶಿಕ್ಷಕರಿಗೆ ವಾರಕ್ಕೆ ಎರಡು ಪಿರಿಯಡ್ ತಯಾರಿಗೆ ಬಿಡಿ. ಒಂದು ಶಾಲೆಯ ಕೈ ಹಿಡಿದರೆ ಕಡೇಪಕ್ಷ ಮೂರು ವರ್ಷ ಬಿಡಬೇಡಿ, ಯಾಕೆಂದರೆ ಒಬ್ಬರನ್ನೊಬ್ಬರು ಅರಿಯುವುದಕ್ಕೇ ಒಂದು ವರ್ಷ ಬೇಕು. ದುಬಾರಿ ಉಪಕರಣ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅಂಥವು ನಮ್ಮ ಬೀರುವಿನಲ್ಲಿ ಈಗಾಗಲೇ ಇವೆ, ಕೆಟ್ಟರೆ ಗತಿಯೇನು ಎಂಬ ಹೆದರಿಕೆಗೆ ಯಾರೂ ಮುಟ್ಟುವುದಿಲ್ಲ.

ಈ ವರ್ಷದ ಕೊನೆಗೆ ನಮ್ಮ ಏರ್ಪಾಡು ಮುಗಿಯುತ್ತದೆ. ಮುಂದುವರಿಸಲು ಪ್ರಾಧ್ಯಾಪಕರಿಗೆ ಮನಸ್ಸಿದೆ, ಅವರ ವಿಭಾಗದಿಂದ ಇನ್ನೂ ಒಪ್ಪಿಗೆ ಬಂದಿಲ್ಲ. ಬತ್ತಿಯ ಪ್ರಶ್ನೆ ಕೇಳಿದ ಹುಡುಗಿ ಮುಂದಿನ ವರ್ಷ ಹತ್ತನೇ ತರಗತಿ. 'ಸರ್ ಬರ್ತಾರಾ ಮಿಸ್?' ಎಂದು ಮೊನ್ನೆಯೂ ಕೇಳಿದಳು. ಹೊಸ ಟೈಮ್‌ಟೇಬಲ್ ಹಾಕುವ ಮೊದಲು ಅವಳಿಗೆ ಉತ್ತರ ಹೇಳಬೇಕಾಗಿದೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ